ತಣ್ಣನೆ ಗೋಡೆ, ಹಳದಿ ಮಾತ್ರೆ

ನಮ್ಮೂರಿನಲ್ಲಿ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಎದುರಿನವರ ಮುಖ ಗಂಟಿಕ್ಕುತ್ತದೆ. ನಿಮ್ಮನೆಗೆ ಗೋಡೆ ಇಲ್ಲವೇ, ಗೋಡೆಗೆ ಕೈಯಿಟ್ಟು ನೋಡುವಷ್ಟೂ ಪುರಸೊತ್ತಿಲ್ಲವೇ ಎನ್ನುವ ನೋಟ ಅದು. ಇಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ, ಎರಡು ಮನೆಗೆ ಒಂದೇ ಗೋಡೆ. ಈ ಮನೆಯವರ ಮೈ ಕಾದರೆ ಆ ಮನೆಯಲ್ಲಿ ಗೋಡೆ ಕಾಯುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೆ ಮೊದಲು ಗೋಡೆಗೆ ಅಂಗೈ ಇಡಬೇಕು. ತಣ್ಣಗಿದ್ದರೆ ಸರಿ, ನಮ್ಮ ಪಾಡಿಗೆ ನಾವು. ಬಿಸಿಯಿದ್ದರೆ ಮೂರು ಸಲ ತಟ್ಟಿ, ಗಂಜಿ ಕಾಯಿಸಿ, ಬಟ್ಟಲಿನ ಅಂಚಿಗೆ ನಿಂಬೆ ಉಪ್ಪಿನಕಾಯಿ ಒರೆಸಿ ಪಕ್ಕದ ಮನೆಗೆ ತೆಗೆದುಕೊಂಡು ಹೋಗಬೇಕು. ಏನೂ ಕೇಳಬಾರದು. ಮಲಗಿದವರು ಎದ್ದ ಮೇಲೆ ಬಟ್ಟಲು ತೊಳೆದು, ಒಳಗೊಂದು ಬೆಲ್ಲದ ಚೂರು ಹಾಕಿ ವಾಪಸ್ಸು ಕೊಟ್ಟರೆ ಮುಗಿಯಿತು.

ಇದಕ್ಕೆ ತಕ್ಕ ಕಟ್ಟಳೆಗಳೂ ಇವೆ. ಅಡುಗೆ ಒಲೆಯನ್ನು ಈ ಜಂಟಿ ಗೋಡೆಯ ಕಡೆ ಹಾಕುವಂತಿಲ್ಲ. ಕಾದ ಪಾತ್ರೆಯನ್ನು ಅದಕ್ಕೆ ತಾಗಿಸುವಂತಿಲ್ಲ. ಬೇಕೆಂದೇ ತಾಗಿಸಿದರೆ ಅದು ಸುಳ್ಳುಬಿಸಿ. ಕದ್ದವರನ್ನಾದರೂ ನಮ್ಮ ಜನ ಕ್ಷಮಿಸಿದ್ದುಂಟು, ಸುಳ್ಳುಬಿಸಿ ಮಾಡಿದವರ ಮನೆಗೆ ಮತ್ತೆ ಯಾರೂ ಗಂಜಿ ಒಯ್ಯುವುದಿಲ್ಲ. ಇನ್ನು ಹೊಸದಾಗಿ ಮದುವೆಯಾದವರ ಕಡೆಯ ಗೋಡೆಗೆ ದಪ್ಪನೆಯ ಕೌದಿ ತೂಗುಹಾಕುತ್ತಾರೆ, ಏಕೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಚೊಚ್ಚಲ ಮಗುವಿನ ನಾಮಕರಣದ ದಿನ ಆ ಕೌದಿಯನ್ನು ಬಿಚ್ಚಿ ಅದರಲ್ಲೇ ಮಗುವನ್ನು ಸುತ್ತಿ ತೊಟ್ಟಿಲಿಗೆ ಹಾಕುವುದು. ಊರಿಗೆಲ್ಲ ಆ ಕೌದಿ ಹೊಲಿದುಕೊಡುವವಳು ನಾನು, ಸಾವಂತ್ರಿ. ನನ್ನ ಸ್ವಂತ ಕೌದಿ ಹತ್ತೊಂಬತ್ತು ವರ್ಷ ಗೋಡೆಯ ಮೇಲೇ ಇತ್ತು. ಮಗು ಆಗಲಿಲ್ಲ. ಬಿಚ್ಚೇ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಆರು ವರ್ಷದ ಹಿಂದೆ ನನ್ನ ಗಂಡ ವೀರಭದ್ರ ಊರಾಚೆ ಲಾರಿಗೆ ಸಿಕ್ಕಿ ತೀರಿಕೊಂಡ. ಹದಿಮೂರು ದಿನದ ಕರ್ಮ ಮುಗಿದ ಮರುದಿನ ನಾನೇ ಸ್ಟೂಲು ಹತ್ತಿ ಬಿಚ್ಚಿದೆ. ಹಿಂದೆ ಸುಣ್ಣ ಬಳಿದದ್ದು ನಿನ್ನೆ ಮೊನ್ನೆಯದರ ಹಾಗೆ ಬೆಳ್ಳಗಿತ್ತು.

ಆ ಗೋಡೆಯಾಚೆ ಇರುವವರು ತಿರುಮಲಮ್ಮ. ನನಗಿಂತ ಇಪ್ಪತ್ತಮೂರು ವರ್ಷಕ್ಕೆ ದೊಡ್ಡವರು, ಬಾಯಿ ಜೋರು, ಮೊಣಕಾಲು ನೋವು. ಗಂಡ ಹೋಗಿ ಹನ್ನೊಂದು ವರ್ಷ. ಅವರ ಇನ್ನೊಂದು ಗೋಡೆಯಾಚೆ ಬೀಗ ಹಾಕಿದ ಗೋದಾಮು, ನನ್ನದು ಮೂಲೆಮನೆ. ಹಾಗಾಗಿ ಅವರಿಗೆ ನಾನು, ನನಗೆ ಅವರು, ಬೇರೆ ಗತಿಯಿಲ್ಲ. ಆದರೂ ನಾನು ಗಟ್ಟಿ ಜೀವ, ಅವರೂ ಗಟ್ಟಿ ಜೀವ. ಇಬ್ಬರಿಗೂ ಜ್ವರವೇ ಬರುತ್ತಿರಲಿಲ್ಲ. ಕೌದಿ ಬಿಚ್ಚಿದ ಮೇಲೆ ಮೂರು ವರ್ಷ ದಿನಾ ಬೆಳಿಗ್ಗೆ ತಣ್ಣನೆ ಗೋಡೆ ಮುಟ್ಟಿ, ಸದ್ಯ ಎಂದುಕೊಂಡು ಹಲ್ಲುಜ್ಜಲು ಹೋಗಿದ್ದೇ ಬಂತು.

ಐವತ್ತಕ್ಕೆ ನನ್ನ ಮುಟ್ಟು ನಿಂತಿತು, ಒಲೆ ಹತ್ತಿಕೊಂಡಿತು. ನಮ್ಮೂರಲ್ಲಿ ಹಾಗೇ ಅನ್ನುವುದು. ಎದೆಯಿಂದ ಝಳ ಎದ್ದು ಕುತ್ತಿಗೆಗೆ, ಕಿವಿಗೆ, ನೆತ್ತಿಗೆ ಏರಿ, ರವಿಕೆ ಹಿಂಡುವಷ್ಟು ಬೆವರಿ, ಮರುಗಳಿಗೆ ಚಳಿ. ದಿನಕ್ಕೆ ಹತ್ತು ಹನ್ನೆರಡು ಸಲ. ಮೊದಲ ಸಲ ಏರಿದಾಗ ಗೋಡೆ ಟಕ್ ಟಕ್ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ತಿರುಮಲಮ್ಮ ಗಂಜಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸೆರಗಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ ನನ್ನನ್ನು ಕಂಡು ನಗು ತಡೆಯಲಾರದೆ, "ಅಯ್ಯೋ ನಿನ್ನ! ಜ್ವರ ಅಲ್ವೇ ಇದು, ಒಲೆ! ನಿಂಗ್ಯಾಕೆ ಗಂಜಿ, ಮಜ್ಜಿಗೆ ತರ್ತೀನಿ ತಾಳು" ಎಂದರು. ಒಲೆ ಹತ್ತಿದವರಿಗೆ ಏನನ್ನೂ ಒಯ್ಯಬೇಕೆಂಬ ಕಟ್ಟಳೆ ಇಲ್ಲ. ಆದರೂ ಅವರು ದಿನಾ ಬಂದರು. ತಮ್ಮ ಮಂಚವನ್ನು ಎಳೆದು ನನ್ನ ಗೋಡೆಗೆ ಹಾಕಿಕೊಂಡರು. "ನಿನ್ನ ಬಿಸಿಗೆ ನನ್ ಮೊಣಕಾಲು ಬಿಟ್ಕೊಂಡಿದೆ ಕಣೇ. ಡಾಕ್ಟರ ಎಣ್ಣೆಗಿಂತ ವಾಸಿ" ಎನ್ನುತ್ತಿದ್ದರು. ವೀರಭದ್ರ ಹೋದ ಮೇಲೆ ನನ್ನ ಮನೆಯಲ್ಲಿ ಇನ್ನೊಬ್ಬರ ದನಿ ಕೇಳಿಸಿದ್ದು ಆಗಲೇ. ನಿಜ ಹೇಳುತ್ತೇನೆ, ಝಳ ಏರಿದಾಗ ಮೈಯೆಲ್ಲ ಉರಿಯುತ್ತಿದ್ದರೂ ಕಿವಿ ಮಾತ್ರ ಗೋಡೆಯ ಕಡೆಗೇ ಇರುತ್ತಿತ್ತು.

ಆದರೆ ಎಷ್ಟು ದಿನ ತಾಳುವುದು? ನಿದ್ದೆ ಹೋಯಿತು. ಎದೆ ಡವಗುಟ್ಟುವುದು ಶುರುವಾಯಿತು. ಸಣ್ಣ ಮಾತಿಗೂ ಅಳು, ಅದಕ್ಕಿಂತ ಸಣ್ಣ ಮಾತಿಗೆ ಸಿಟ್ಟು. ಸೂಜಿ ಬೆರಳಿಗೆ ಚುಚ್ಚಿ ಬಿಳಿ ಕೌದಿಗಳ ಮೇಲೆ ರಕ್ತದ ಚುಕ್ಕೆಗಳು ಬೀಳತೊಡಗಿದವು. ಮದುವೆ ಮನೆಯ ಕೌದಿಗೆ ಅಪಶಕುನ ಎಂದು ಇಬ್ಬರು ಬೈದು ವಾಪಸ್ಸು ತಂದುಕೊಟ್ಟರು. ಎರಡು ವರ್ಷ ಹೀಗೆ ಎಳೆದು ಕೊನೆಗೆ ಆರೋಗ್ಯ ಕೇಂದ್ರಕ್ಕೆ ಹೋದೆ.

ಅಲ್ಲಿಯ ಡಾಕ್ಟರ್ ರಿಹಾನಾ ಹೊರಗಿನಿಂದ ಬಂದವರು. ಬಂದ ಹೊಸದರಲ್ಲಿ ಎಲ್ಲರನ್ನೂ ಹೇಗಿದ್ದೀರಾ, ಹೇಗಿದ್ದೀರಾ ಎಂದು ಕೇಳಿ ಅರ್ಧ ಊರಿನ ಸಿಟ್ಟು ಕಟ್ಟಿಕೊಂಡಿದ್ದರು. ನನ್ನನ್ನೂ ಕೇಳಿದರು. ನಾನು ನೆಲ ನೋಡಿದೆ. ಅವರೇ ಒಂದೊಂದಾಗಿ ಕೆದಕಿ, ರಕ್ತ ನೋಡಿ, ಎದೆ ಒತ್ತಿ ನೋಡಿ, ಹೊಟ್ಟೆ ಸ್ಕ್ಯಾನ್ ಮಾಡಿ, ಮೇಜಿನ ಮೇಲೆ ಎರಡು ಮಾತ್ರೆ ಇಟ್ಟರು. ಒಂದು ಬಿಳಿ, ಒಂದು ಹಳದಿ.

"ನೋಡಿ ಸಾವಂತ್ರಮ್ಮನೋರೆ, ಇವು ಹಾರ್ಮೋನ್ ಮಾತ್ರೆ. ಈ ಬಿಳೀದು ನಿಮ್ಮ ಝಳ ಇಳಿಸುತ್ತೆ, ನಿದ್ದೆ ಬರುತ್ತೆ. ಆದ್ರೆ ಇದೊಂದನ್ನೇ ತಗೊಂಡ್ರೆ ಗರ್ಭಕೋಶದ ಒಳಪದರ ಬೆಳೀತಾ ಹೋಗುತ್ತೆ. ದಪ್ಪ ಆಗಿ ಆಗಿ ಕೆಲವರಿಗೆ ಕ್ಯಾನ್ಸರಿಗೂ ತಿರುಗಬಹುದು. ಹಾಗಾಗದ ಹಾಗೆ ತಡೆಯೋದು ಈ ಹಳದಿ. ಗರ್ಭಕೋಶ ಇರೋರು ಎರಡನ್ನೂ ತಗೋಬೇಕು. ಎದೆಯ ವಿಚಾರದಲ್ಲೂ ಸ್ವಲ್ಪ ಹುಷಾರಾಗಿರಬೇಕು, ನಾನು ನೋಡ್ತಿರ್ತೀನಿ. ಮಾತ್ರೆ ಬೇಡ ಅಂದ್ರೂ ತಪ್ಪಿಲ್ಲ. ಕೆಲವರಿಗೆ ಇದು ತಾನಾಗೇ ಇಳಿಯುತ್ತೆ, ಕೆಲವರಿಗೆ ಹತ್ತು ವರ್ಷ ಎಳೆಯುತ್ತೆ."

"ಗರ್ಭಕೋಶ ಇಲ್ಲದೋರಿಗೆ?" ಎಂದೆ.

"ಅವರಿಗೆ ಸಾಮಾನ್ಯವಾಗಿ ಬಿಳಿ ಒಂದೇ ಸಾಕು."

"ಹಂಗಾದ್ರೆ ತೆಗೆದುಬಿಡಿ ಅದನ್ನ. ಅದರಿಂದ ನಂಗಾಗಿರೋ ಉಪಕಾರ ಅಷ್ಟ್ರಲ್ಲೇ ಇದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ? ಆಪರೇಷನ್ ಅಂದ್ರೆ ಆಟ ಅಲ್ಲ. ಮನೆಗೆ ಹೋಗಿ ಯೋಚನೆ ಮಾಡಿ. ಮನೇಲಿ ಯಾರನ್ನಾದ್ರೂ ಕೇಳಿ."

ಮನೆಯಲ್ಲಿ ಯಾರಿದ್ದಾರೆ ಕೇಳಲು? ಒಂದು ವಾರ ನಾನೇ ತೂಗಿದೆ. ಒಂದು ಕಡೆ ಚುಚ್ಚಿಸಿಕೊಂಡ ಬೆರಳುಗಳು, ಉರಿಯುವ ಕಣ್ಣು, ಕೈತಪ್ಪುತ್ತಿರುವ ಕೆಲಸ. ಇನ್ನೊಂದು ಕಡೆ, ಒಂದು ಮಗುವನ್ನೂ ಹೊರದೆ ಐವತ್ತು ವರ್ಷ ಸುಮ್ಮನೆ ಕೂತು ಈಗ ತನ್ನನ್ನು ಕಾಪಾಡು ಎಂದು ಹಟ ಹಿಡಿದ ಒಂದು ಚೀಲ. ಮತ್ತೆ ತಿರುಮಲಮ್ಮನ ಮಂಚ. ಹೌದು, ಅದನ್ನೂ ತೂಗಿದೆ. ಝಳ ಇಳಿದರೆ ಅವರು ಬರುತ್ತಾರೆಯೇ? ಕೊನೆಗೆ ನಿದ್ದೆಯೇ ಗೆದ್ದಿತು. ಎರಡೂ ಮಾತ್ರೆ ತೆಗೆದುಕೊಳ್ಳತೊಡಗಿದೆ.

ಒಂದೂವರೆ ತಿಂಗಳಿಗೆ ಮೈ ತಣ್ಣಗಾಯಿತು. ಬೆಳಗಿನವರೆಗೆ ಒಂದೇ ನಿದ್ದೆ. ಕೌದಿಯ ಹೊಲಿಗೆಗಳು ಇರುವೆ ಸಾಲಿನ ಹಾಗೆ ನೆಟ್ಟಗೆ ಬಂದವು. ತಿರುಮಲಮ್ಮ ಎರಡು ಸಲ ಬಂದು, "ನಿನ್ ಗೋಡೆ ಸತ್ತೇ ಹೋಯ್ತಲ್ಲೇ! ನನ್ ಮೊಣಕಾಲು ನಿನ್ ಮಾತ್ರೆಗೆ ಶಾಪ ಹಾಕ್ತಿದೆ" ಎಂದು ನಕ್ಕರು. ಆಮೇಲೆ ಬರುವುದು ನಿಂತಿತು. ಅವರ ತಪ್ಪಲ್ಲ. ತಣ್ಣನೆ ಗೋಡೆಯ ಮನೆಗೆ ಹೋದರೆ ನಮ್ಮಲ್ಲಿ ಚೆನ್ನಾಗಿರುವವರನ್ನು ಕೆದಕಿದ ಹಾಗೆ. ಮಂಚವನ್ನು ಹಳೆಯ ಜಾಗಕ್ಕೆ ಎಳೆದ ಸದ್ದು ಒಂದು ಮಧ್ಯಾಹ್ನ ಕೇಳಿಸಿತು. ಅಂದು ನಾನು ಊಟ ಮಾಡಲಿಲ್ಲ.

ಇಲ್ಲೇ ನಾನು ಎಡವಿದ್ದು. ಹಳದಿ ಮಾತ್ರೆ ನನಗೆ ಒಗ್ಗುತ್ತಿರಲಿಲ್ಲ. ತಲೆ ಭಾರ, ಎದೆ ಬಿಗಿತ, ಕಾರಣವಿಲ್ಲದ ಮಂಕು. ಮೊದಲೇ ಒಂಟಿ ಮನೆ, ಅದರ ಮೇಲೆ ಈ ಮಂಕು. ಒಂದು ವಾರ ಅದನ್ನು ಬಿಟ್ಟು ನೋಡಿದೆ. ಮನಸ್ಸು ಹಗುರಾಯಿತು. ಝಳ ಏರಲಿಲ್ಲ, ಗೋಡೆಯಾಚೆಯಿಂದ ತಟ್ಟುವ ಸದ್ದೂ ಬರಲಿಲ್ಲ. ನಮ್ಮೂರಿನವರು ಯಾವ ಮದ್ದನ್ನೂ ಗೋಡೆಯಿಂದಲೇ ಅಳೆಯುವುದು. ಗೋಡೆಗೆ ಬಾರದ್ದು ರೋಗವಲ್ಲ ಎಂದು ಕೇಳಿಕೊಂಡೇ ಬೆಳೆದವಳು ನಾನು. ಗೋಡೆಗೇ ತಿಳಿಯದ ಮಾತ್ರೆ ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡೆ. ಹಳದಿ ಮಾತ್ರೆಗಳನ್ನೆಲ್ಲ ರವಿಕೆ ಗುಂಡಿಗಳನ್ನಿಡುವ ಗುಂಡಿ ಡಬ್ಬಿಗೆ ಹಾಕುತ್ತಾ ಬಂದೆ. ಡಾಕ್ಟರು ಪ್ರತಿ ಸಲ ಎರಡೂ ತಗೋತಿದೀರಾ ಎಂದು ಕೇಳುತ್ತಿದ್ದರು. ಹೂಂ ಎನ್ನುತ್ತಿದ್ದೆ. ಗೋಡೆಗೆ ಸುಳ್ಳು ಹೇಳಿದರೆ ಪಾಪ, ಬಾಯಿಯಲ್ಲಿ ಹೇಳಿದ್ದಕ್ಕೆ ನಮ್ಮೂರಲ್ಲಿ ಲೆಕ್ಕವೇ ಇಲ್ಲ. ಹೀಗೆ ಒಂಬತ್ತು ತಿಂಗಳು ಕಳೆದವು.

ಒಂದು ಮಂಗಳವಾರ ಬೆಳಿಗ್ಗೆ ಚಾಪೆಯ ಮೇಲೆ ಕೂತು ಹೊಲಿಯುತ್ತಿದ್ದವಳು ಎದ್ದು ನೋಡಿದರೆ ಸೀರೆಯಲ್ಲಿ ಕಲೆ. ಬೆರಳು ಚುಚ್ಚಿಕೊಂಡೆನೇನೋ ಎಂದು ಮೊದಲು ಕೈ ನೋಡಿಕೊಂಡೆ. ಕೈ ಸರಿಯಿತ್ತು. ಆಮೇಲೆ, ಹೇಳಿಕೊಳ್ಳಲು ನಾಚಿಕೆ, ಒಂದು ಗಳಿಗೆ ಖುಷಿಯಾಯಿತು. ಮೂರು ವರ್ಷದ ಮೇಲೆ ಮತ್ತೆ ಮುಟ್ಟು! ಐವತ್ತಮೂರು ವರ್ಷದ ಹೆಂಗಸಿಗೆ ಇಂಥ ಹುಚ್ಚು ಖುಷಿ ಎಲ್ಲಿಂದ ಬಂತೋ. ಮರುಗಳಿಗೆ ಡಾಕ್ಟರ ಮಾತು ನೆನಪಾಯಿತು.

ಗುಂಡಿ ಡಬ್ಬಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಮುಚ್ಚಳ ತೆಗೆದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಕ್ಯಾನ್ ಮಾಡಿದರು. ಒಳಪದರ ನಾಲ್ಕೈದು ಮಿಲಿಮೀಟರ್ ಒಳಗಿದ್ದರೆ ನಿಶ್ಚಿಂತೆ, ನಿಮ್ಮದು ಹದಿನಾಲ್ಕಾಗಿದೆ ಎಂದರು. ಸಣ್ಣ ನಳಿಕೆ ಹಾಕಿ ಒಳಗಿನಿಂದ ಚೂರು ತೆಗೆದರು. ನೋವಾಯಿತು, ತುಟಿ ಕಚ್ಚಿಕೊಂಡೆ. "ಬಯಾಪ್ಸಿಗೆ ಕಳಿಸ್ತೀನಿ. ಹತ್ತು ದಿನ ಬೇಕು. ಬಿಳಿ ಮಾತ್ರೆ ಇವತ್ತಿಂದ ನಿಲ್ಲಿಸಿ. ಹೆದರ್ಕೋಬೇಡಿ, ಎಲ್ಲಾ ದಪ್ಪಾನೂ ಕ್ಯಾನ್ಸರ್ ಅಲ್ಲ. ಆದ್ರೆ ರಿಪೋರ್ಟಿಗೆ ಬರುವಾಗ ಜೊತೇಲಿ ಯಾರನ್ನಾದ್ರೂ ಕರ್ಕೊಂಡು ಬನ್ನಿ" ಎಂದರು.

ಯಾರನ್ನು ಕರೆದುಕೊಂಡು ಹೋಗಲಿ? ಜ್ವರ ಬಂದಿದ್ದರೆ ಗೋಡೆಯೇ ಕರೆಯುತ್ತಿತ್ತು. ಈ ಹಾಳಾದ್ದು ಒಳಗೇ ಕೂತು ಸದ್ದಿಲ್ಲದೆ ಬೆಳೆದಿದೆ, ಮೈ ಮಾತ್ರ ಮಣ್ಣಿನ ಹೂಜಿಯ ಹಾಗೆ ತಂಪು. ನಾಲ್ಕನೆಯ ದಿನ ಹಾಲಿನಂಗಡಿಯಲ್ಲಿ ತಿರುಮಲಮ್ಮ ಸಿಕ್ಕರು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡುವುದು? ನಮಗೆ ಹಾಗೆ ಹೇಳಿಕೊಂಡು ಅಭ್ಯಾಸವೇ ಇಲ್ಲ. "ಹಾಲು ನೀರಾಗಿದೆ ಅಲ್ವಾ?" ಎಂದೆ. "ನೀರಿಗೇ ಹಾಲು ಹಾಕ್ತಾನೆ ಅವ್ನು" ಎಂದು ಅವರು ಕಾಲೆಳೆದುಕೊಂಡು ಹೋದರು. ಅವರ ಬೆನ್ನು ನೋಡುತ್ತ ನಿಂತೆ. ಹಿಂದಿನವರು ಪಾತ್ರೆ ಮುಂದೆ ಹಿಡಿಯಮ್ಮ ಎಂದು ಗದರಿದರು.

ಐದು, ಆರು, ಏಳು. ಹೊಲಿಯಲು ಕೂತರೆ ಒಂದೇ ಜಾಗಕ್ಕೆ ಎರಡೆರಡು ಸಲ ಸೂಜಿ ಹೋಗುತ್ತಿತ್ತು. ನಾನು ಸತ್ತರೆ ಗೋಡೆ ತಣ್ಣಗಿರುತ್ತದೆ, ಚೆನ್ನಾಗಿದ್ದರೂ ತಣ್ಣಗಿರುತ್ತದೆ, ಯಾರಿಗೆ ಗೊತ್ತಾಗಬೇಕು ಎಂಬ ಯೋಚನೆ ಬಂದದ್ದು ಎಂಟನೆಯ ದಿನ. ಬಂದದ್ದು ಹೋಗಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ನೀರು ಕಾಯಿಸಿದೆ. ವೀರಭದ್ರನ ಸೊಂಟನೋವಿಗೆ ತಂದಿದ್ದ ರಬ್ಬರಿನ ಬಿಸಿನೀರು ಚೀಲ ಪೆಟ್ಟಿಗೆಯಲ್ಲಿತ್ತು. ಅದನ್ನು ತುಂಬಿಸಿ, ಬಾಗಿಲು ಹಾಕಿ, ಗೋಡೆಗೆ ಒತ್ತಿ ಹಿಡಿದೆ. ಐವತ್ತಮೂರು ವರ್ಷ ಮಾನವಾಗಿ ಬದುಕಿದವಳು ಸುಳ್ಳುಬಿಸಿ ಮಾಡುತ್ತ ನಿಂತೆ. ನೀರು ಆರಿತು, ಯಾರೂ ತಟ್ಟಲಿಲ್ಲ. ಮತ್ತೆ ಕಾಯಿಸಿದೆ, ಮತ್ತೆ ಹಿಡಿದೆ. ಟಕ್ ಟಕ್ ಟಕ್.

ಚೀಲವನ್ನು ಕೌದಿಯ ಕೆಳಗೆ ತುರುಕಿ ಚಾಪೆಯ ಮೇಲೆ ಉರುಳಿಕೊಂಡೆ. ತಿರುಮಲಮ್ಮ ಗಂಜಿ ಹಿಡಿದು ಬಂದರು. ಬಟ್ಟಲು ಕೆಳಗಿಟ್ಟು, ಕಷ್ಟಪಟ್ಟು ಕೂತು, ನನ್ನ ಹಣೆಗೆ ಕೈಯಿಟ್ಟರು. ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಕೌದಿ ಸರಿಸಿ ಚೀಲವನ್ನು ಹೊರಗೆಳೆದರು. ನಾನು ಕಣ್ಣು ಮುಚ್ಚಿಕೊಂಡೆ. ಇನ್ನೇನು ಎದ್ದು ಬೀದಿಯಲ್ಲಿ ನಿಂತು ಕೂಗುತ್ತಾರೆ, ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ನಾನು ಕಡುಬಿನ ಹಂಡೆ ಇಟ್ಟಿದ್ದೆ" ಎಂದರು.

ನನಗೆ ಅರ್ಥವಾಗಲಿಲ್ಲ. ಕಣ್ಣು ಬಿಟ್ಟೆ.

"ನಮ್ಮನೆಯೋರು ಹೋದ್ರಲ್ಲ, ಆವಾಗ. ಹದಿಮೂರು ದಿನ ಊರೆಲ್ಲ ಬಂದ್ರು, ನೀನೂ ಬಂದಿದ್ದೆ. ಹದಿನಾಕನೇ ದಿನದಿಂದ ಯಾರ್ ಬರ್ತಾರೆ? ನಂಗೆ ಜ್ವರ ಇತ್ತಾ, ಏನಿತ್ತು? ಗೋಡೆ ತಣ್ಣಗಿತ್ತು. ಒಬ್ಳೇ ಇರಕ್ಕಾಗದೆ ಹಂಡೆ ಕಾಯಿಸಿ ಈ ಗೋಡೆಗೆ ಒರಗಿಸ್ದೆ. ಮೂರು ದಿನ ಒರಗಿಸ್ದೆ ಕಣೇ. ನೀನು ಬರ್ಲಿಲ್ಲ."

ಆ ವರ್ಷ ಗೋಡೆಯ ಈ ಕಡೆ ನನ್ನ ಕೌದಿ ಇತ್ತು. ಆಗುವುದಿಲ್ಲವೆಂದು ಗೊತ್ತಾದ ಮೇಲೂ ಹುಟ್ಟದ ಮಗುವಿಗಾಗಿ ನಾನು ಬಿಚ್ಚದೆ ಇಟ್ಟುಕೊಂಡಿದ್ದ ಕೌದಿ. ಮೂರು ದಿನ ಅದರ ಹಿಂದೆ ಗೋಡೆ ಕಾದಿದೆ, ನಾನು ಈಚೆ ಕೂತು ಬೇರೆಯವರ ಮಕ್ಕಳಿಗೆ ಕೌದಿ ಹೊಲಿದಿದ್ದೇನೆ. ಅವರ ಕಾಲ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ. ಅವರು ನೋಯುವ ಮೊಣಕಾಲನ್ನು ಸರಿಸಲಿಲ್ಲ.

"ಸಾಕು ಬಿಡು. ಏನಾಗಿದೆ ಬಾಯ್ಬಿಟ್ ಹೇಳು. ನಂಗೆ ಗೋಡೆ ಓದಕ್ಕೆ ಬರುತ್ತೆ, ಮನಸ್ ಓದಕ್ಕೆ ಬರಲ್ಲ" ಎಂದರು.

ಹೇಳಿದೆ. ಬಿಳಿ ಮಾತ್ರೆ, ಹಳದಿ ಮಾತ್ರೆ, ಗುಂಡಿ ಡಬ್ಬಿ, ಕಲೆ, ಹದಿನಾಲ್ಕು ಮಿಲಿಮೀಟರ್, ಎಲ್ಲ ಹಿಂದುಮುಂದಾಗಿ. "ಒಂಬತ್ ತಿಂಗಳು ಬಿಟ್ಯಾ? ಅಯ್ಯೋ ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಬೈದರು. ಆ ಬೈಗುಳ ನನಗೆ ಎಷ್ಟು ಬೇಕಾಗಿತ್ತು! ಗಂಜಿಯನ್ನು ಇಬ್ಬರೂ ಕುಡಿದೆವು.

ಮರುದಿನ ರಿಪೋರ್ಟಿಗೆ ಜೊತೆಯಲ್ಲೇ ಬಂದರು. ಹತ್ತು ಹೆಜ್ಜೆಗೊಮ್ಮೆ ಯಾರದಾದರೂ ಜಗುಲಿಯ ಮೇಲೆ ಕೂತು ಬಂದರು, ಹೋಗುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಡಾಕ್ಟರು ಕಾಗದ ಬಿಡಿಸಿದರು. ಕ್ಯಾನ್ಸರ್ ಅಲ್ಲ. ಒಳಪದರ ಮಿತಿಮೀರಿ ಬೆಳೆದಿದೆ, ಕೆಟ್ಟ ಕಣ ಕಂಡಿಲ್ಲ. ಬಿಳಿ ಮಾತ್ರೆ ಈಗ ಬೇಡವೇ ಬೇಡ, ಹಳದಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಆರು ತಿಂಗಳು ಬಿಡದೆ ತಗೋಬೇಕು, ಆಮೇಲೆ ಮತ್ತೆ ಚೂರು ತೆಗೆದು ನೋಡಬೇಕು ಎಂದರು. "ಇಳೀದಿದ್ರೆ ಆಗ ಗರ್ಭಕೋಶ ತೆಗೆಯೋ ಮಾತು. ನೀವು ಅವತ್ತು ಕೇಳಿದ್ರಲ್ಲ. ಆದ್ರೆ ಝಳ ವಾಪಸ್ ಬರಬಹುದು, ಅದಕ್ಕೆ ಹಾರ್ಮೋನ್ ಇಲ್ಲದ ಬೇರೆ ಔಷಧಿ ನೋಡೋಣ."

"ಆರು ತಿಂಗಳು ನೋಡೋಣ" ಎಂದೆ. "ಇರೋದು ಇರ್ಲಿ. ಹಳದೀನ ಇವ್ರ ಮುಂದೆ ನುಂಗ್ತೀನಿ."

"ನುಂಗ್ದೆ ಇದ್ರೆ ನಾನು ನುಂಗಿಸ್ತೀನಿ" ಎಂದರು ತಿರುಮಲಮ್ಮ.

ಎರಡು ವಾರಕ್ಕೆ ಝಳ ಬಂತು. ಗೋಡೆಯಾಚೆ ಮಂಚ ಎಳೆದ ಸದ್ದೂ ಬಂತು. ತಲೆ ಭಾರ, ಮಂಕು ಎಲ್ಲವೂ ಇವೆ, ಸುಳ್ಳೇಕೆ ಹೇಳಲಿ. ಆರು ತಿಂಗಳಲ್ಲಿ ಇನ್ನೂ ಒಂದೂವರೆಯೇ ಕಳೆದಿರುವುದು. ಕೆಲವು ದಿನ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ಕೂರುತ್ತೇನೆ.

ನಿನ್ನೆ ಬೆಳಿಗ್ಗೆ ಎದ್ದು ಗೋಡೆಗೆ ಕೈಯಿಟ್ಟೆ. ಅವರ ಕಡೆಯಿಂದ ತಣ್ಣಗಿತ್ತು, ಎಂದಿನ ಹಾಗೆ. ಹಲ್ಲುಜ್ಜಲು ಹೊರಟವಳು ನಿಂತೆ. ಬಟ್ಟಲು, ಗಂಜಿ ಏನೂ ಇಲ್ಲದೆ, ಬರಿಗೈಯಲ್ಲಿ ಬೀದಿಗೆ ಇಳಿದು ಅವರ ಬಾಗಿಲು ತಟ್ಟಿದೆ. ಬಾಗಿಲು ತೆರೆದವರ ಕೈಯಲ್ಲಿ ಪೊರಕೆ ಇತ್ತು. ಎದುರು ಜಗುಲಿಯವರು ಕತ್ತು ಉದ್ದ ಮಾಡಿ ನಮ್ಮನ್ನೇ ನೋಡುತ್ತಿದ್ದರು.

"ದೊಡ್ಡಮ್ಮ, ಹೇಗಿದ್ದೀರಾ?" ಎಂದೆ.

ಅವರ ಮುಖ ಗಂಟಿಕ್ಕಿತು. ಬೈಯುತ್ತಾರೆಂದು ಕಾದೆ. ಅವರು ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ದಾರಿ ಬಿಟ್ಟರು.

"ಒಳಗ್ ಬಂದು ಕೂತ್ಕೋ" ಎಂದರು. "ಹೇಳಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."